ಸಂಜೆ ಐದಕ್ಕೆ ವಸ್ತಿ

ಪುಣೆಯಿಂದ ಧಾರವಾಡಕ್ಕೆ ಸುಮಾರು 420 ಕಿಲೋಮೀಟರ್. ಮೂವತ್ತು ವರ್ಷ ನಮ್ಮಪ್ಪ ಈ ದಾರಿಯಲ್ಲಿ ರಾತ್ರಿಯೇ ಕಾರು ಓಡಿಸಿದರು. ಕೆಲಸದಿಂದ ಬಂದು, ಊಟ ಮುಗಿಸಿ, ಹತ್ತಕ್ಕೆ ಹೊರಟರೆ ಬೆಳಗಾಗುವಷ್ಟರಲ್ಲಿ ಅಜ್ಜಿಯ ಮನೆ. ಹಿಂದಿನ ಸೀಟಿನಲ್ಲಿ ಮಲಗಿರುತ್ತಿದ್ದ ನಮಗೆ ಸಾತಾರಾ, ಕರಾಡ, ಕೊಲ್ಹಾಪುರ ಅಂದರೆ ಕಿಟಕಿಯಲ್ಲಿ ಸರಿದುಹೋಗುವ ದೀಪಗಳು, ಅಷ್ಟೇ.

ಅಪ್ಪನಿಗೆ ಈಗ 73. ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ಊರಿಗೆ ಹೊರಟಿದ್ದೆವು. ನಿಪ್ಪಾಣಿ ದಾಟಿ ಸ್ತವನಿಧಿ ಘಾಟಿಗೆ ಬಂದಾಗ ಮುಸ್ಸಂಜೆ. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆಯಿತು. ಮುಂದೆಯೇ ಇದ್ದ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಅವರಿಗೆ ಕಾಣಲೇ ಇಲ್ಲ. ನಾನು ಕೂಗಿದೆ. ಬ್ರೇಕ್ ಬಿತ್ತು. ಕಬ್ಬಿಗೂ ಬಾನೆಟ್ಟಿಗೂ ಒಂದು ಮೊಳ ಅಂತರ. ಸಂಕೇಶ್ವರದವರೆಗೆ ಯಾರೂ ಮಾತಾಡಲಿಲ್ಲ. ಅಲ್ಲಿ ಕಾರು ನಿಲ್ಲಿಸಿ, "ಇನ್ನ ನೀನ ಹೊಡಿಯವಾ" ಅಂತ ಚಾವಿ ನನ್ನ ಕೈಗಿಟ್ಟರು.

ಅವರು ಕಾರನ್ನೇ ಮಾರಿಬಿಟ್ಟಾರು ಅಂದುಕೊಂಡಿದ್ದೆ. ಅವರು ಹೋಗಿದ್ದು ಕಣ್ಣಿನ ಡಾಕ್ಟರ ಹತ್ತಿರ. ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಹಿಗ್ಗುವುದಿಲ್ಲ, ಒಳಗೆ ಹೋಗುವ ಬೆಳಕೇ ಕಡಿಮೆ. ಎದುರು ಬೆಳಕು ಹೊಡೆದರೆ ಕಣ್ಣು ಸುಧಾರಿಸಿಕೊಳ್ಳಲೂ ಹೆಚ್ಚು ಹೊತ್ತು ಬೇಕು ಎಂದು ಅವರು ತಿಳಿಸಿ ಹೇಳಿದರು. 55 ದಾಟಿದವರ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ, ಜೊತೆಗೆ ವೈದ್ಯರ ಸರ್ಟಿಫಿಕೇಟೂ ಬೇಕು. ಅಪ್ಪನ ಲೈಸೆನ್ಸಿಗೆ ಇನ್ನೂ ಅವಧಿಯಿತ್ತು. ಆದರೂ ಅವರು ತಮಗೆ ತಾವೇ ಕಟ್ಟಳೆ ಹಾಕಿಕೊಂಡರು: ಬೆಳಕು ಹರಿದ ಮೇಲೆ ಹೊರಡುವುದು. ಒಂದೂವರೆ ತಾಸಿಗೊಮ್ಮೆ ನಿಲ್ಲುವುದು. ಮುಂದಿನ ಗಾಡಿಗೆ ಮೊದಲಿನ ಎರಡರಷ್ಟು ಅಂತರ. ಖಂಬಾಟ್ಕಿ ಘಾಟಿನಲ್ಲಿ ಸ್ಟೀರಿಂಗ್ ನನ್ನದು. ಕುತ್ತಿಗೆ ಪೂರ್ತಿ ತಿರುಗದು, ಅದಕ್ಕೆ ಪಕ್ಕದ ಕನ್ನಡಿಯ ಮೇಲೆ ಇನ್ನೊಂದು ಪುಟ್ಟ ಗುಂಡು ಕನ್ನಡಿ. ಸಂಜೆ ಐದಕ್ಕೆ ಎಲ್ಲಿರುತ್ತೇವೋ ಅಲ್ಲೇ ವಸ್ತಿ.

ಈ ವರ್ಷ ಹಾಗೇ ಹೊರಟೆವು. ಕರಾಡದಲ್ಲಿ ಹೆದ್ದಾರಿ ಬಿಟ್ಟು ಪ್ರೀತಿಸಂಗಮಕ್ಕೆ ಹೋದೆವು. ಕೃಷ್ಣೆ, ಕೊಯ್ನೆ ಎದುರುಬದುರಾಗಿ ಬಂದು ಕೂಡುವ ಜಾಗ. ಅಪ್ಪ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ನೋಡಿದರು. "ಮೂವತ್ತ ವರ್ಷ ಇದರ ಬಾಜೂಕನ ಹಾದು ಹೋಗೀನಿ" ಅಂದರು.

ನಮ್ಮಂಥ ಹೊರನಾಡಿಗರ ಎಷ್ಟೋ ಮನೆಗಳಲ್ಲಿ ಇಂಥ ಅಪ್ಪ ಇದ್ದಾರೆ. ಮನಸ್ಸಾದಾಗ ಯಾರನ್ನೂ ಕೇಳದೆ ಊರಿಗೆ ಹೊರಡಬಹುದು ಅನ್ನುವ ಧೈರ್ಯ ಆ ಚಾವಿಯಲ್ಲಿದೆ. ಅದನ್ನು ಕಸಿದುಕೊಳ್ಳುವ ಮೊದಲು ಯಾವ ದಾರಿ, ಯಾವ ಹೊತ್ತು ಅವರಿಗೆ ಇನ್ನೂ ಸಲೀಸು ಅಂತ ಜೊತೆಗೆ ಕೂತು ನೋಡಬೇಕು. ಒಂದು ದಿನ ಅಪ್ಪ ಪೂರ್ತಿ ಬಿಡಬೇಕಾಗುತ್ತದೆ. ಅದು ಅವರಿಗೂ ಗೊತ್ತು.

ಬೆಳಗಾವಿಗೆ ಬಂದಾಗ ಐದು. ಧಾರವಾಡದಿಂದ ಅತ್ತೆಯ ಫೋನು: "ಅಣ್ಣಾ, ಇನ್ನೇನ ಒಂದೂವರಿ ತಾಸಿನ ಹಾದಿ, ಬಂದಬಿಡ್ರಿ."

"ಐದ ಆತು ತಂಗಿ. ಮುಂಜಾನೆ ನಾಷ್ಟಾಕ್ಕ ಬರ್ತೀವಿ."