ಮಾಸ್ತಮ್ಮನ ಕೈ

52ನೆಯ ವಯಸ್ಸಿನಲ್ಲಿ ಶಾಸನಶಾಸ್ತ್ರದ ತರಗತಿಗೆ ಸೇರಿದೆ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ, 1904ರ ತುಮಕೂರು ಸಂಪುಟದಲ್ಲಿ, ನಮ್ಮೂರ ಕೆರೆ ಏರಿಯ ಕಲ್ಲನ್ನು ಹುಡುಕಿದೆ. ಇರಲಿಲ್ಲ, ಅದರಲ್ಲಿ ಅಕ್ಷರವೇ ಇಲ್ಲವಲ್ಲ! “ಹಾಗಾದರೆ ಕಲ್ಲನ್ನೇ ಓದಿ, ಮೇಡಂ” ಎಂದರು, ನನಗಿಂತ ಚಿಕ್ಕವರಾದ ಮೇಷ್ಟ್ರು.

ಅಳೆದೆ, ಚಿತ್ರ ಬರೆದುಕೊಂಡೆ. ಮೇಲೆತ್ತಿದ ಬಲಗೈ, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಗಂಡನ ಚಿತೆಯೇರಿದವಳ ಗುರುತು. 25 ವರ್ಷ ಶಾಲೆಯ ಮಕ್ಕಳಿಗೆ “ಮಾಸ್ತಮ್ಮ, ಕೈ ಮುಗೀರಿ” ಎಂದವಳು ನಾನೇ. ನಾನೂ ಗಂಡನನ್ನು ಕಳೆದುಕೊಂಡವಳು. ಪಾಠ ಹೇಳಿಕೊಂಡು ಬದುಕಿದ್ದೇನೆ.

ಪ್ರಬಂಧದಲ್ಲಿ ‘ತ್ಯಾಗ’ ಎಂದು ಬರೆದಿದ್ದೆ. ಹೊಡೆದುಹಾಕಿದೆ. ಅವಳಿಗೆ ಮನಸ್ಸಿತ್ತೋ ಇಲ್ಲವೋ, ಕಲ್ಲು ಹೇಳುವುದಿಲ್ಲ. ಹೆಸರನ್ನೂ ಹೇಳುವುದಿಲ್ಲ.

ಮೊನ್ನೆ ಹೋದಾಗ ಯಾರೋ ಅದರ ಮುಂದೆ ಹಸಿರು ಗಾಜಿನ ಬಳೆ ಇಟ್ಟಿದ್ದರು.