ಇಂಗಳೇಶ್ವರದ ಕಲ್ಲು, ಇಳಕಲ್ಲಿನ ಜೋಳಿಗೆ

ಬಸವನ ಬಾಗೇವಾಡಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬಸವೇಶ್ವರ ದೇವಾಲಯ ಹಾಗೂ ಬಸವ ಸ್ಮಾರಕವನ್ನು ನೋಡಿಕೊಂಡು ನೇರವಾಗಿ ಕೂಡಲಸಂಗಮದ ದಾರಿ ಹಿಡಿಯುತ್ತಾರೆ. ಅದೇ ತಾಲೂಕಿನ ಇಂಗಳೇಶ್ವರಕ್ಕೆ ಹೋಗಿಬರುವವರು ಕಡಿಮೆ. ಆದರೆ ಬಿಟ್ಟುಹೋಗುವಂಥ ಊರು ಇದಲ್ಲ. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರು ಇದೆಂದು ಪರಂಪರೆ ಹೇಳುತ್ತದೆ. ಹೆರಿಗೆಗೆ ಮಗಳು ತವರಿಗೆ ಬರುವುದು ರೂಢಿ; ಆದ್ದರಿಂದ ಬಸವಣ್ಣನವರು ಹುಟ್ಟಿದ್ದೂ ಇಲ್ಲಿಯೇ ಎನ್ನುವವರಿದ್ದಾರೆ.

ಸುತ್ತಲೂ ಎರೆ ಹೊಲ, ನಡುನಡುವೆ ಕಲ್ಲುಗುಡ್ಡ. ಮಳೆಯನ್ನೇ ನಂಬಿದ ಸೀಮೆ. ತೊಗರಿ, ಕಡಲೆ, ಬಿಳಿಜೋಳ ಇಲ್ಲಿಯ ಜನರ ಬದುಕಿನ ಆಧಾರ. ಹಿಂಗಾರಿಯ ಜೋಳ ತೆನೆ ಕಟ್ಟಿದಾಗ ಈ ದಾರಿಯಲ್ಲಿ ಬರುವವರಿಗೆ ಕಣ್ಣು ತುಂಬುವ ನೋಟ ಕಾದಿರುತ್ತದೆ.

ಊರಿಗೆ ಇಂದು ಹೆಸರು ತಂದಿರುವುದು ಇಲ್ಲಿಯ ವಚನ ಶಿಲಾಮಂಟಪ. ವಿರಕ್ತಮಠದ ಚನ್ನಬಸವ ಸ್ವಾಮೀಜಿಯವರ ಸಂಕಲ್ಪದಿಂದ ರೂಪುಗೊಂಡ ಈ ಮಂಟಪದಲ್ಲಿ ಶರಣರ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಲಾಗಿದೆ. ಬಾಯಿಂದ ಬಾಯಿಗೆ, ಅಲ್ಲಿಂದ ತಾಳೆಗರಿಗೆ ಬಂದ ಈ ಮಾತುಗಳನ್ನು ವಿಜಯಪುರದಲ್ಲಿ ನೆಲೆಸಿದ್ದ ಫ.ಗು. ಹಳಕಟ್ಟಿಯವರು (1880–1964) ಊರೂರು ಹುಡುಕಿ ಸಂಗ್ರಹಿಸಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಅಚ್ಚಿಗೆ ತಂದರು. ಅವೇ ಮಾತುಗಳು ಇಲ್ಲಿ ಕಲ್ಲನ್ನು ಸೇರಿವೆ. ಒಂದು ಅಕ್ಷರಕ್ಕೆ ಉಳಿಯ ಎಷ್ಟು ಪೆಟ್ಟು ಬಿದ್ದಿರಬೇಕೆಂದು ಮಂಟಪದಲ್ಲಿ ನಿಂತವರಿಗೆ ಅನಿಸದೆ ಇರದು.

ಕಲ್ಲಿನಲ್ಲಿ ಕೊರೆದ ಮಾತು ಉಳಿಯುತ್ತದೆ. ಆದರೆ ಒಮ್ಮೆ ಆಡಿದರೆ ಉಳಿಯದ, ದಿನ ದಿನವೂ ಹೊಸದಾಗಿ ಕೊರೆಯಬೇಕಾದ ಮಾತೊಂದಿದೆ. ‘ಇನ್ನು ಕುಡಿಯುವುದಿಲ್ಲ’ ಎಂಬುದೇ ಆ ಮಾತು.

ಶ್ರಾವಣ ಮುಗಿದ ಮೇಲೆ

ಶ್ರಾವಣ ಬಂದರೆ ಮಾಂಸ, ಮದ್ಯ ಎರಡನ್ನೂ ಬಿಡುವವರು ಈ ಭಾಗದ ಹಳ್ಳಿಗಳಲ್ಲಿ ಅನೇಕರಿದ್ದಾರೆ. ತಿಂಗಳು ಪೂರ್ತಿ ಒಂದು ಹನಿ ಮುಟ್ಟದವರು ಅಮಾವಾಸ್ಯೆ ಕಳೆದದ್ದೇ ತಡ, ಹಳೆಯ ಅಂಗಡಿಯ ಮುಂದೆ ನಿಂತಿರುತ್ತಾರೆ. ಬಿಡುವುದು ಹೇಗೆಂದು ಇವರಿಗೆ ಗೊತ್ತು. ಬಿಟ್ಟ ಮೇಲಿನ ದಿನಗಳನ್ನು ಕಳೆಯುವುದು ಹೇಗೆಂಬುದೇ ತಿಳಿಯದು. ಚಿಕಿತ್ಸೆ ಪಡೆದು ಆಸ್ಪತ್ರೆಯಿಂದ ಊರಿಗೆ ಮರಳಿದವನ ಕಷ್ಟವೂ ಇದೇ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಆದರೆ ಕುಡಿತ ನಿಲ್ಲಲಿಲ್ಲ. ಅಗ್ಗದ ಮದ್ಯ ಬೇರೆ ಹೆಸರಿನಲ್ಲಿ, ಬೇರೆ ಪೊಟ್ಟಣದಲ್ಲಿ ಬಂತು. ಅಂಗಡಿ ಮುಚ್ಚಿದರೂ ಆಸೆ ಮುಚ್ಚುವುದಿಲ್ಲ ಎಂಬುದನ್ನು ಈ ಸೀಮೆಯ ಒಬ್ಬ ಸ್ವಾಮೀಜಿ ಬಹಳ ಮೊದಲೇ ಅರಿತಿದ್ದರು.

ಇಂಗಳೇಶ್ವರದಿಂದ ಬಾಗೇವಾಡಿ, ನಿಡಗುಂದಿಯ ಮೇಲೆ ಹಾಯ್ದು ಕೃಷ್ಣೆಯನ್ನು ದಾಟಿ, ಹುನಗುಂದ ಕಳೆದರೆ ಇಳಕಲ್ ಸಿಗುತ್ತದೆ. ಸೀರೆಗೆ ಹೆಸರಾದ ಈ ಊರು ಇನ್ನೊಂದು ಕಾರಣಕ್ಕೂ ಪ್ರಸಿದ್ಧ. ಇಲ್ಲಿಯ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮೀಜಿಯವರು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹೆಗಲಿಗೇರಿಸಿದರು. ಜೋಳಿಗೆ ಹಿಡಿದು ಮನೆ ಮನೆಗೆ ಹೋಗುವ ಸ್ವಾಮಿಗಳಿಗೆ ಜನ ಕಾಳು, ಕಾಸು ಹಾಕುವುದು ವಾಡಿಕೆ. ಇವರು ಬೇಡಿದ್ದು ಅದನ್ನಲ್ಲ. ಕುಡಿತ, ತಂಬಾಕು, ಜೂಜು ಮೊದಲಾದ ಚಟಗಳನ್ನು ಈ ಜೋಳಿಗೆಗೆ ಹಾಕಿರೆಂದು ಕೇಳಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವನ್ನಾಗಿ ಆಚರಿಸಲಾಗುತ್ತಿದೆ.

ಈ ಜೋಳಿಗೆಯಲ್ಲಿ ಒಂದು ಜಾಣ್ಮೆಯಿದೆ. ಚಟವಂತನನ್ನು ಅದು ಕಳ್ಳನಂತೆ ನೋಡಲಿಲ್ಲ. ದಾನ ಕೊಡುವ ಯಜಮಾನನ ಸ್ಥಾನದಲ್ಲಿ ನಿಲ್ಲಿಸಿತು. ಹತ್ತು ಜನರೆದುರು ಹಾಕಿದ್ದನ್ನು ಮರಳಿ ಕೇಳುವುದು ಯಾರಿಗಾದರೂ ನಾಚಿಕೆಯ ಮಾತು.

ದೇಹದ ಲೆಕ್ಕ ಬೇರೆ

ಆದರೆ ಮನಸ್ಸು ಒಪ್ಪಿದ ಕೂಡಲೇ ದೇಹ ಒಪ್ಪುವುದಿಲ್ಲ. ಮದ್ಯವು ಮೆದುಳಿನ ವೇಗವನ್ನು ತಗ್ಗಿಸುವ ವಸ್ತು. ವರ್ಷಗಟ್ಟಲೆ ಕುಡಿದವನ ಮೆದುಳು ಇದಕ್ಕೆದುರಾಗಿ ತನ್ನನ್ನು ತಾನು ಹೆಚ್ಚು ಕೆರಳಿಸಿಕೊಂಡಿರುತ್ತದೆ. ಭಾರ ಎಳೆಯುವ ಎತ್ತಿನ ಹಗ್ಗ ಒಮ್ಮೆಲೇ ಕಡಿದರೆ ಎತ್ತು ಮುಗ್ಗರಿಸುವಂತೆ, ಮದ್ಯ ಹಠಾತ್ತನೆ ನಿಂತಾಗ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದನ್ನು ಕಂಡು ಬಡಬಡಿಸುವ ಸನ್ನಿಯೂ ಬರಬಹುದು; ಇದರಿಂದ ಪ್ರಾಣಕ್ಕೇ ಅಪಾಯವಿದೆ. ಆದ್ದರಿಂದ ದಿನವೂ ವಿಪರೀತ ಕುಡಿಯುವವನು ಆಣೆ ಮಾಡುವ ಮೊದಲು ಡಾಕ್ಟರರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗಳಲ್ಲಿ ಇದಕ್ಕೆ ಚಿಕಿತ್ಸೆಯಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. 14446ಕ್ಕೆ ಪುಕ್ಕಟೆಯಾಗಿ ಫೋನ್ ಮಾಡಿ ಸಲಹೆ ಕೇಳಬಹುದು.

ಇನ್ನೊಂದು ಎಚ್ಚರಿಕೆ ಮನೆಯವರಿಗೆ. ಕುಡಿತ ಬಿಡಿಸುವ ಮಾತ್ರೆಯನ್ನು ಗುಟ್ಟಾಗಿ ಊಟದಲ್ಲಿ ಬೆರೆಸುವ ಪದ್ಧತಿ ಅಲ್ಲಲ್ಲಿ ಇದೆ. ಡೈಸಲ್ಫಿರಾಮ್ ಎಂಬ ಮಾತ್ರೆ ತೆಗೆದುಕೊಂಡವನು ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ರಕ್ತದಲ್ಲಿ ಸೇರಿಕೊಂಡು ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗುತ್ತದೆ. ತಿಳಿದು ತೆಗೆದುಕೊಂಡವನಿಗೆ ಅದು ಬೇಲಿ; ತಿಳಿಯದವನಿಗೆ ಮುಚ್ಚಿಟ್ಟ ಬಾವಿ.

ಸಂಜೆಯ ಹೊತ್ತು

ಚಿಕಿತ್ಸೆ ಮುಗಿಸಿ ಬಂದವನಿಗೆ ಬೆಳಗು ಅಷ್ಟು ಕಷ್ಟವಲ್ಲ. ದನಗಳ ಚಾಕರಿ, ಹೊಲದ ಕೆಲಸದಲ್ಲಿ ಹೊತ್ತು ಹೋಗುತ್ತದೆ. ದೀಪ ಹಚ್ಚುವ ಹೊತ್ತಿಗೆ ಮಾತ್ರ ಕಾಲು ತಾನಾಗಿ ಹಳೆಯ ದಾರಿ ಹಿಡಿಯುತ್ತದೆ. ಅಂಗಡಿ, ಗೆಳೆಯರ ನಗು, ಕೈಗೆ ಬಂದ ಕೂಲಿಯ ದುಡ್ಡು ಇವೆಲ್ಲವನ್ನೂ ಮೆದುಳು ಕುಡಿತದ ಜೊತೆಗೆ ಹೆಣೆದು ನೆನಪಿಟ್ಟುಕೊಂಡಿರುತ್ತದೆ. ಅಗಸಿಯ ಬಳಿ ಸಿಕ್ಕ ಗೆಳೆಯ, “ಬಾರೋ ಮಾರಾಯ, ಒಂದ ಗ್ಲಾಸಿಗೆ ಏನಾಗೂದೈತಿ?” ಎನ್ನುತ್ತಾನೆ. ಆಗುವುದು ಆ ಒಂದು ಗ್ಲಾಸಿನಿಂದಲೇ.

ಕುಡಿಯಬೇಕೆಂಬ ತೀವ್ರ ಆಸೆ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಏರಿ ಇಳಿಯುತ್ತದೆ. ಆ ಅರ್ಧ ತಾಸನ್ನು ದಾಟಿಸುವುದೇ ವಿದ್ಯೆ. ದಾರಿ ಬದಲಿಸುವುದು, ಹೊಟ್ಟೆ ತುಂಬ ರೊಟ್ಟಿ ಉಣ್ಣುವುದು, ಒಬ್ಬ ನಂಬಿಗಸ್ಥನ ಮನೆಗೆ ಹೋಗಿ ಕೂಡುವುದು ಸಣ್ಣ ಉಪಾಯಗಳಾದರೂ ಕೆಲಸ ಮಾಡುತ್ತವೆ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕೂ ಕುಡಿತದ ಕಡೆಗೆ ದೂಡುವ ಶತ್ರುಗಳು. ಸುಗ್ಗಿಯ ದುಡ್ಡು ಕೈಗೆ ಬರುವ ದಿನ, ಜಾತ್ರೆ, ಕೆಲಸವಿಲ್ಲದ ಬೇಸಿಗೆಯ ತಿಂಗಳುಗಳು ಇವನ್ನೆಲ್ಲ ಮೊದಲೇ ಗುರುತಿಟ್ಟುಕೊಂಡು ಬೇರೆ ಕೆಲಸ ಹಮ್ಮಿಕೊಳ್ಳಬೇಕು.

ಬಿಟ್ಟವನಿಗೆ ಬಿಟ್ಟವನೇ ಆಸರೆ. 1935ರಲ್ಲಿ ಅಮೆರಿಕದ ಏಕ್ರನ್ ನಗರದಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಶಸ್ತ್ರವೈದ್ಯನೂ, ಇಬ್ಬರೂ ಕುಡುಕರು, ಪರಸ್ಪರ ಮಾತಾಡಿಕೊಂಡೇ ಕುಡಿತದಿಂದ ದೂರ ಉಳಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ ಹುಟ್ಟಿದ್ದು ಹೀಗೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರ ಎಂಟು ದಿನಗಳದ್ದು. ಆದರೆ ಶಿಬಿರ ಮುಗಿದ ಮೇಲೆ ಸೇರುವ ನವಜೀವನ ಸಮಿತಿಗಳಿಗೆ ಕೊನೆಯ ದಿನವೆಂಬುದಿಲ್ಲ. ಎಂಟು ದಿನದ ಫಲ ಉಳಿಯಬೇಕಾದರೆ ಇಂಥ ಸಮಿತಿ ಬೇಕು.

ಮನೆಯಲ್ಲಿಯೂ ತಾಳ್ಮೆ ಬೇಕು. ಮದ್ಯ ನಿಂತ ಕೆಲವೇ ವಾರಗಳಲ್ಲಿ ಯಕೃತ್ತಿನಲ್ಲಿ ತುಂಬಿದ ಕೊಬ್ಬು ಕರಗತೊಡಗುತ್ತದೆ. ನಿದ್ದೆ ಸರಿಹೋಗಲು ತಿಂಗಳುಗಳೇ ಬೇಕಾಗಬಹುದು. ಹೆಂಡತಿಯ ನಂಬಿಕೆ ಮರಳಲು ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯುತ್ತದೆ. ಗಂಡ ಬಾಗಿಲಿಗೆ ಬಂದ ಕೂಡಲೇ ಆಕೆ ಇನ್ನೂ ಬಾಯಿಯ ವಾಸನೆ ನೋಡುತ್ತಾಳೆ ಎಂದರೆ ಅವನು ಸಿಟ್ಟಾಗಬಾರದು. ಸಂಜೆ ತಪ್ಪದೆ ಮನೆಗೆ ಬರುವುದು, ಕೂಲಿಯ ದುಡ್ಡನ್ನು ಆಕೆಯ ಕೈಗೆ ಕೊಡುವುದು, ಇವೇ ಅವನು ಕೊಡಬಹುದಾದ ಉತ್ತರ. ಹಾಗೆಯೇ ಒಮ್ಮೆ ಅವನು ಎಡವಿದರೆ ಎಲ್ಲವೂ ಹೋಯಿತೆಂದು ಮನೆಯವರು ಕೈಬಿಡಬಾರದು. ಅನೇಕರು ಒಂದೆರಡು ಸಲ ಎಡವಿಯೇ ಗಟ್ಟಿಯಾಗುತ್ತಾರೆ. ಎಡವಿದ ಮರುದಿನವೇ ಮತ್ತೆ ವೈದ್ಯರ ಬಳಿಗೆ, ಸಮಿತಿಯ ಬಳಿಗೆ ಹೋಗುವುದು ಮುಖ್ಯ.

ಶರಣರ ಕಾಲದಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದ. ಹೆಂಡ ಮಾರುವುದು ಅವನ ಕಾಯಕ, ‘ಧರ್ಮೇಶ್ವರಲಿಂಗ’ ಅವನ ಅಂಕಿತ. ಹೆಂಡದಂಗಡಿಯವನನ್ನೂ ಹೊರಗಿಡದೆ ತಮ್ಮೊಳಗೆ ಕೂಡಿಸಿಕೊಂಡವರು ಶರಣರು. ಚಟ ಬಿಟ್ಟು ಬಂದವನನ್ನು ಊರಿನ ಕಟ್ಟೆ ‘ಕುಡುಕ’ ಎಂಬ ಹಳೆಯ ಹೆಸರಿನಿಂದಲೇ ಕರೆಯುವುದು ಈ ನೆಲಕ್ಕೆ ಒಪ್ಪುವ ಮಾತಲ್ಲ.

ವಿಜಯಪುರದಿಂದ ಮನಗೂಳಿ ಮಾರ್ಗವಾಗಿ ಬಸವನ ಬಾಗೇವಾಡಿಗೆ ಸುಮಾರು 43 ಕಿಲೋಮೀಟರ್. ಅಲ್ಲಿಂದ ಇಂಗಳೇಶ್ವರ ಹತ್ತಿರ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಶಿಲಾಮಂಟಪ, ಬಾಗೇವಾಡಿ ಎರಡನ್ನೂ ನಿಧಾನವಾಗಿ ನೋಡಿ ಸಂಜೆಗೆ ಮರಳಬಹುದು. ಹೊಸದಾಗಿ ಕುಡಿತ ಬಿಟ್ಟ ನಂಟರೋ ಗೆಳೆಯರೋ ಇದ್ದರೆ ಅವರನ್ನೂ ಜೊತೆಗೆ ಕರೆದೊಯ್ಯಬೇಕು. ರವಿವಾರದ ಸಂಜೆ ಅವರ ಪಾಲಿಗೆ ಬಹಳ ಉದ್ದವಾಗಿರುತ್ತದೆ.