ಒಂದು ಖಾಲಿ ಜಾಗದ ಬೆಲೆ

ಕಳೆದ ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಕೀಲ್ಪಾಕ್‌ನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಕೂತು, ತೀರಿಹೋದ ಅಪ್ಪನ 54 ಪತ್ರಗಳನ್ನು ನಾನೇ ಅಳಿಸಿಹಾಕಿದೆ. ಅರ್ಧ ಸೆಕೆಂಡೂ ಹಿಡಿಯಲಿಲ್ಲ. ಪರದೆಯ ಮೇಲೆ ಒಂದು ಎಚ್ಚರಿಕೆಯೂ ಬರಲಿಲ್ಲ. ಕೆಲಸ ಮುಗಿಯಿತು ಅಂದುಕೊಂಡು ಎದ್ದು ಹೋಗಿ ಕಾಫಿ ಕೂಡ ಮಾಡಿಕೊಂಡು ಬಂದೆ.

ಅಪ್ಪ ತೀರ್ಥಹಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರು. ನಾನು ಸುರತ್ಕಲ್‌ನಲ್ಲಿ ಎಂಟೆಕ್ ಓದುತ್ತಿದ್ದಾಗ ಎರಡು ವಾರಕ್ಕೊಂದರಂತೆ, ಕೆಲವೊಮ್ಮೆ ವಾರಕ್ಕೊಂದರಂತೆ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು. ನಾನು ಸೇರಿದಾಗ ಅದು ಕೆಆರ್‌ಇಸಿ. 2002ರಲ್ಲಿ ಎನ್‌ಐಟಿಕೆ ಆಯಿತು. ಅಪ್ಪ ಮಾತ್ರ ಕೊನೆಯ ಪತ್ರದ ತನಕ ಹಳೆಯ ಹೆಸರನ್ನೇ ವಿಳಾಸದಲ್ಲಿ ಬರೆದರು. 2018ರಲ್ಲಿ ಅವರು ಹೋದ ಮೇಲೆ ಆ ಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿದೆ. ಒಂದೊಂದಕ್ಕೆ ಮೂರು ಮಗ್ಗುಲು, ಒಟ್ಟು 162 ಚಿತ್ರ. ಪ್ರತಿಯೊಂದಕ್ಕೂ ತಾರೀಖಿನ ಹೆಸರು ಕೊಟ್ಟೆ. ಮರುವರ್ಷದ ಆಗಸ್ಟ್ ಮಳೆಯಲ್ಲಿ ಊರ ಮನೆಯ ಅಟ್ಟ ಸೋರಿ, ಟ್ರಂಕಿನಲ್ಲಿದ್ದ ಮೂಲ ಪತ್ರಗಳು ಮುದ್ದೆಯಾದವು. ಆಮೇಲೆ ಉಳಿದದ್ದು ಸ್ಕ್ಯಾನ್ ಮಾತ್ರ.

ಅದು ಒಂದು ಟೆರಾಬೈಟ್‌ನ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿತ್ತು. 'ಅಪ್ಪ' ಎಂಬ ಫೋಲ್ಡರಿನಲ್ಲಿ ಒಳ್ಳೆಯ ಸ್ಕ್ಯಾನ್‌ಗಳು. ಪಕ್ಕದಲ್ಲೇ 'ಅಪ್ಪ ಹಳೆಯದು' ಎಂಬ ಇನ್ನೊಂದು ಫೋಲ್ಡರು, ಸ್ಕ್ಯಾನರ್ ಕೊಳ್ಳುವ ಮೊದಲು ಮೊಬೈಲಿನಲ್ಲಿ ತೆಗೆದ ಮಸುಕು ಫೋಟೋಗಳದ್ದು. ಹಾಗೆಯೇ 'ಅಜ್ಜಿ' ಮತ್ತು 'ಅಜ್ಜಿ ಹಳೆಯದು', 'ಮದುವೆ' ಮತ್ತು 'ಮದುವೆ ಹಳೆಯದು'. ಜಾಗ ಖಾಲಿ ಮಾಡಬೇಕಿತ್ತು. 'ಹಳೆಯದು' ಎಂದು ಮುಗಿಯುವ ಫೋಲ್ಡರುಗಳನ್ನೆಲ್ಲ ಅಳಿಸಲು ಮೂರು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದೆ. ಹೆಸರುಗಳನ್ನು ಒಂದೊಂದಾಗಿ ಒಂದು ವೇರಿಯಬಲ್‌ಗೆ ಹಾಕಿಕೊಂಡು, ಆರ್‌ಎಂ ಕಮಾಂಡಿಗೆ ಕೊಡುವುದು. ಜೊತೆಗೆ ಆರ್ ಮತ್ತು ಎಫ್ ಆಯ್ಕೆಗಳು: ಫೋಲ್ಡರಿನೊಳಗೆ ಇರುವುದನ್ನೆಲ್ಲ ಅಳಿಸು, ಏನನ್ನೂ ಕೇಳಬೇಡ.

ಕಾಫಿ ಕುಡಿದು ಬಂದು ನೋಡಿದರೆ 'ಅಪ್ಪ ಹಳೆಯದು' ಹಾಗೇ ಇದೆ. 'ಅಪ್ಪ' ಇಲ್ಲ. 'ಅಜ್ಜಿ' ಇಲ್ಲ. 'ಮದುವೆ' ಇಲ್ಲ. ಹೋಗಬೇಕಾದದ್ದು ಉಳಿದಿತ್ತು, ಉಳಿಯಬೇಕಾದದ್ದು ಹೋಗಿತ್ತು.

ಕಂಪ್ಯೂಟರ್ ಓದುತ್ತಿರುವ ಹುಡುಗ ಹುಡುಗಿಯರಿಗೆ ಇಷ್ಟರಲ್ಲೇ ಕಾರಣ ಹೊಳೆದಿರಬಹುದು. ನನಗೆ ಹೊಳೆಯಲು ಹತ್ತು ನಿಮಿಷ ಬೇಕಾಯಿತು. ವೇರಿಯಬಲ್‌ನ ಸುತ್ತ ನಾನು ಉದ್ಧರಣ ಚಿಹ್ನೆ ಹಾಕಿರಲಿಲ್ಲ. ಆಗ ಬ್ಯಾಶ್ ಶೆಲ್ ಅದರೊಳಗಿನ ಪಠ್ಯವನ್ನು ಖಾಲಿ ಜಾಗ ಬಂದಲ್ಲೆಲ್ಲ ತುಂಡು ಮಾಡುತ್ತದೆ. 'ಅಪ್ಪ ಹಳೆಯದು' ಎಂಬ ಒಂದು ಹೆಸರು 'ಅಪ್ಪ' ಮತ್ತು 'ಹಳೆಯದು' ಎಂಬ ಎರಡು ಹೆಸರಾಯಿತು. ಮೊದಲನೆಯದು ಇತ್ತು, ಅಳಿಸಿತು. 'ಹಳೆಯದು' ಎಂಬ ಫೋಲ್ಡರೇ ಇರಲಿಲ್ಲ. ಮಾಮೂಲಾಗಿ ಅಂಥ ಫೋಲ್ಡರ್ ಇಲ್ಲ ಎಂದು ಗೊಣಗಬೇಕಾಗಿದ್ದ ಆರ್‌ಎಂ, ಎಫ್ ಹಾಕಿದ್ದರಿಂದ ಬಾಯಿ ಮುಚ್ಚಿಕೊಂಡಿತ್ತು.

ಪರೀಕ್ಷೆ ಮಾಡದೆ ಓಡಿಸಿದೆ ಅಂದುಕೊಳ್ಳಬೇಡಿ. ಹಿಂದಿನ ರಾತ್ರಿ ಮ್ಯಾಕ್‌ಬುಕ್‌ನಲ್ಲಿ ಎರಡು ಸುಳ್ಳು ಫೋಲ್ಡರ್ ಮಾಡಿ, ಇದೇ ಸಾಲುಗಳನ್ನು ಟರ್ಮಿನಲ್‌ನಲ್ಲಿ ಅಂಟಿಸಿ ನೋಡಿದ್ದೆ. ಸರಿಯಾಗಿಯೇ ಕೆಲಸ ಮಾಡಿತ್ತು. 2019ರ ಕ್ಯಾಟಲಿನಾ ಆವೃತ್ತಿಯಿಂದ ಮ್ಯಾಕ್‌ನಲ್ಲಿ ಮೊದಲಿಗೆ ತೆರೆದುಕೊಳ್ಳುವ ಶೆಲ್ ಬ್ಯಾಶ್ ಅಲ್ಲ, ಝಡ್‌ಶೆಲ್. ಅದು ವೇರಿಯಬಲ್‌ಗಳನ್ನು ಹೀಗೆ ತುಂಡು ಮಾಡುವುದಿಲ್ಲ. ಮನೆಯ ಉಬುಂಟುವಿನಲ್ಲಿ ಇರುವುದು ಬ್ಯಾಶ್. ಒಂದೇ ಸಾಲು, ಎರಡು ಮನೆ, ಎರಡು ಅರ್ಥ.

ಇದನ್ನೆಲ್ಲ ಮೊದಲು ಹೇಳಿಕೊಂಡದ್ದು ಅಕ್ಕನ ಮಗಳ ಹತ್ತಿರ. ಅವಳು ಇಲ್ಲೇ ಪೂನಮಲ್ಲಿ ಹೈರೋಡ್ ಆಚೆ ಪಿಜಿಯಲ್ಲಿದ್ದಾಳೆ. ಕಾಲೇಜಿನ ಜೊತೆಗೆ ಐಐಟಿ ಮದ್ರಾಸ್‌ನ ಆನ್‌ಲೈನ್ ಬಿಎಸ್ ಪದವಿಯನ್ನೂ ಓದುತ್ತಿದ್ದಾಳೆ. ಅದರಲ್ಲಿ 'ಸಿಸ್ಟಂ ಕಮಾಂಡ್ಸ್' ಎಂದೇ ಒಂದು ವಿಷಯವಿದೆ. ಶೆಲ್, ಗ್ರೆಪ್, ಸೆಡ್, ಆಕ್ ಎಲ್ಲ ಅಲ್ಲಿ ಬರುತ್ತವೆ. ಭಾನುವಾರ ಊಟಕ್ಕೆ ಬರುವವಳು ಅವತ್ತು ತಡವಾಗಿ ಬಂದಳು. ನನ್ನ ಮುಖ ನೋಡಿ ಚಪ್ಪಲಿ ಬಿಡುವ ಮೊದಲೇ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳ ಮೊದಲ ಮಾತು: "ಮಾವ, ಆ ಡಿಸ್ಕ್‌ಗೆ ಇನ್ನೇನೂ ಬರೆಯಬೇಡಿ. ಮೊದಲು ಅನ್‌ಮೌಂಟ್ ಮಾಡಿ."

ಅದೇ ನನ್ನನ್ನು ಉಳಿಸಿದ್ದು. ಫೈಲ್ ಅಳಿಸಿದಾಗ ಹೋಗುವುದು ಅದರ ಹೆಸರು ಮತ್ತು ವಿಳಾಸ. ಒಳಗಿನ ಬೈಟ್‌ಗಳು ಅವುಗಳ ಮೇಲೆ ಇನ್ನೇನಾದರೂ ಬರೆಯುವ ತನಕ ತಿರುಗುವ ಡಿಸ್ಕ್‌ನಲ್ಲಿ ಅಲ್ಲೇ ಬಿದ್ದಿರುತ್ತವೆ. ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ ಎಂಬ ಏರ್ಪಾಡು ಅವನ್ನೂ ಗುಡಿಸಿಹಾಕುವ ಸಂಭವ ಹೆಚ್ಚು. ಫೋಟೋರೆಕ್ ಎಂಬ ಮುಕ್ತ ತಂತ್ರಾಂಶವಿದೆ. ಅದು ಫೈಲ್ ಸಿಸ್ಟಂನ ಮಾತೇ ಕೇಳುವುದಿಲ್ಲ. ಡಿಸ್ಕನ್ನು ಆರಂಭದಿಂದ ಕೊನೆಯವರೆಗೆ ಓದಿ, ಜೆಪೆಗ್ ಚಿತ್ರ ಶುರುವಾಗುವ ಗುರುತು ಎಲ್ಲಿ ಸಿಕ್ಕಿದರೂ ಅಲ್ಲಿಂದ ಎತ್ತಿಕೊಂಡು ಬೇರೆ ಡಿಸ್ಕ್‌ನಲ್ಲಿಡುತ್ತದೆ. ಸಂಜೆ ಶುರು ಮಾಡಿದ್ದು ರಾತ್ರಿಯೆಲ್ಲ ಓಡಿತು. ಬೆಳಿಗ್ಗೆ ಸಾವಿರಾರು ಚಿತ್ರ ಸಿಕ್ಕಿದ್ದವು, ಒಂದಕ್ಕೂ ಹೆಸರಿರಲಿಲ್ಲ. ಎಫ್ ಅಕ್ಷರದ ಮುಂದೆ ಉದ್ದದ ಸಂಖ್ಯೆ, ಅಷ್ಟೇ.

ಆ ರಾಶಿಯಿಂದ ಪತ್ರಗಳನ್ನು ಬೇರ್ಪಡಿಸುವ ಸ್ಕ್ರಿಪ್ಟನ್ನು ಅವಳು ಬರೆದಳು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಿದೆ. ಇಪ್ಪತ್ತು ವರ್ಷ ಈ ಉದ್ಯೋಗದಲ್ಲಿದ್ದವನು, ಕಳೆದ ಹತ್ತು ವರ್ಷ ಎಕ್ಸೆಲ್ ಹಾಳೆ ಮತ್ತು ಮೀಟಿಂಗುಗಳಲ್ಲೇ ಕಳೆದವನು, ಶೆಲ್ ಸ್ಕ್ರಿಪ್ಟನ್ನು ಹೇಗೆ ಬರೆಯಬೇಕೆಂದು ಅವತ್ತು ನೋಡಿದೆ.

ಮೊದಲು ಅವಳು ಒಂದು ತಾತ್ಕಾಲಿಕ ಫೋಲ್ಡರ್ ಮಾಡಿಕೊಂಡು, ಅದರಲ್ಲಿ ಹತ್ತು ಸುಳ್ಳು ಫೈಲ್ ಇಟ್ಟಳು. ಬೇಕೆಂದೇ ತರಲೆ ಹೆಸರುಗಳು: ಒಂದರಲ್ಲಿ ಎರಡು ಖಾಲಿ ಜಾಗ, ಇನ್ನೊಂದರಲ್ಲಿ ನಕ್ಷತ್ರ ಚಿಹ್ನೆ, ಮತ್ತೊಂದು ಅಡ್ಡಗೆರೆಯಿಂದಲೇ ಶುರು. ಸ್ಕ್ರಿಪ್ಟಿನಲ್ಲಿ ಅಳಿಸುವ ಸಾಲೇ ಇರಲಿಲ್ಲ. ಸರಿಸುವ ಸಾಲೂ ಇರಲಿಲ್ಲ. ನಕಲು ಮಾತ್ರ, ಅದೂ ಆ ಹೆಸರಿನ ಫೈಲ್ ಮೊದಲೇ ಇದ್ದರೆ ಮುಟ್ಟದಂತೆ. ಚಿತ್ರದ ಅಗಲ ಎತ್ತರ ಅಳೆದು, ನಮ್ಮ ಸ್ಕ್ಯಾನರಿನ ಅಳತೆಗೆ ಹೊಂದಿದ್ದನ್ನು ಮಾತ್ರ ಆರಿಸುವುದು.

"ಓಡಿಸುವ ಮೊದಲು ಎಕೋ ಹಾಕಿ ನೋಡೋದು ತಾನೆ?" ಅಂದೆ, ನನಗೂ ಗೊತ್ತು ಅಂತ ತೋರಿಸಿಕೊಳ್ಳಲು.

"ನಿಮ್ಮ ಸಾಲಿಗೆ ಎಕೋ ಹಾಕಿದ್ದರೆ ಏನು ಕಾಣ್ತಿತ್ತು ಹೇಳಿ?"

ಯೋಚಿಸಿದೆ. ಅಪ್ಪ, ಜಾಗ, ಹಳೆಯದು. ಸರಿಯಾಗಿಯೇ ಕಾಣುತ್ತಿತ್ತು. ಒಂದು ಹೆಸರೋ ಎರಡು ಹೆಸರೋ ಎಕೋ ತೋರಿಸುವುದಿಲ್ಲ. ಅವಳು ಪ್ರಿಂಟ್‌ಎಫ್ ಬಳಸಿ ಒಂದೊಂದು ತುಂಡನ್ನೂ ಚೌಕ ಆವರಣದೊಳಗೆ, ಒಂದೊಂದು ಸಾಲಿನಲ್ಲಿ ಮುದ್ರಿಸಿ ತೋರಿಸಿದಳು. 'ಅಪ್ಪ' ಒಂದು ಆವರಣದಲ್ಲಿ, 'ಹಳೆಯದು' ಇನ್ನೊಂದರಲ್ಲಿ. ಉದ್ಧರಣ ಚಿಹ್ನೆ ಹಾಕಿದಳು. ಎರಡೂ ಒಂದೇ ಆವರಣಕ್ಕೆ ಬಂದವು.

ಆಮೇಲೆ ಸ್ಕ್ರಿಪ್ಟನ್ನು ಶೆಲ್‌ಚೆಕ್‌ಗೆ ಕೊಟ್ಟಳು. ವಿಡಾರ್ ಹೋಲೆನ್ ಎಂಬುವರು 2012ರಲ್ಲಿ ಶುರು ಮಾಡಿದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಸಾಧನ ಇದು. ಸ್ಕ್ರಿಪ್ಟನ್ನು ಓಡಿಸದೆ, ಓದಿಯೇ ತಪ್ಪು ಹೇಳುತ್ತದೆ. ಅವಳ ಸ್ಕ್ರಿಪ್ಟಿಗೆ ಒಂದೇ ಒಂದು ಟೀಕೆ ಬಂತು. ನನ್ನದನ್ನೂ ಕೊಟ್ಟೆ. ಅಳಿಸುವ ಸಾಲಿನ ಕೆಳಗೇ ಬಂತು: ಎಸ್‌ಸಿ 2086, ಉದ್ಧರಣ ಚಿಹ್ನೆ ಹಾಕಿ, ಇಲ್ಲದಿದ್ದರೆ ಪದ ತುಂಡಾಗುತ್ತದೆ. ಎರಡು ಸೆಕೆಂಡಿನ ಕೆಲಸ. ನನ್ನ ತಂಡದ ಹುಡುಗರು ಬರೆದ ಕೋಡನ್ನು ಇನ್ನೊಬ್ಬರು ಓದದೆ ಮುಂದಕ್ಕೆ ಬಿಡಬಾರದು ಎಂದು ನಿಯಮ ಮಾಡಿದವನೇ ನಾನು. ಭಾನುವಾರದ ನನ್ನ ಮೂರು ಸಾಲನ್ನು ಯಾರಿಗೂ ಓದಲು ಕೊಟ್ಟಿರಲಿಲ್ಲ.

ಈ ಹಳ್ಳಕ್ಕೆ ಬಿದ್ದವನು ನಾನೊಬ್ಬನೇ ಅಲ್ಲ ಎಂದು ಆಮೇಲೆ ಓದಿಕೊಂಡೆ. 2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಯುಎಸ್‌ಆರ್ ಎಂಬ ಹೆಸರಿನ ಮುಂದೆ ಒಂದು ಖಾಲಿ ಜಾಗ ನುಸುಳಿತ್ತು. ಒಳಗಿನ ಒಂದು ಸಣ್ಣ ಫೋಲ್ಡರ್ ಅಳಿಯುವ ಬದಲು ಇಡೀ ಯುಎಸ್‌ಆರ್ ಅಳಿಯುತ್ತಿತ್ತು. 2015ರ ಜನವರಿಯಲ್ಲಿ ಬೆಳಕಿಗೆ ಬಂದದ್ದು ಲಿನಕ್ಸ್‌ನ ಸ್ಟೀಮ್ ಕತೆ. ಒಂದು ವೇರಿಯಬಲ್ ಖಾಲಿಯಾದರೆ, ಬಳಕೆದಾರ ಅಳಿಸಬಲ್ಲ ಎಲ್ಲವನ್ನೂ ಮೂಲದಿಂದಲೇ ಅಳಿಸುತ್ತಾ ಹೋಗುವ ಸಾಲು ಅದರಲ್ಲಿತ್ತು. ಅಲ್ಲಿ ಉದ್ಧರಣ ಚಿಹ್ನೆ ಇತ್ತು, ಉಪಯೋಗವಾಗಲಿಲ್ಲ. ಸೆಟ್ ಕಮಾಂಡಿಗೆ ಯು ಆಯ್ಕೆ ಕೊಟ್ಟರೆ ಇಲ್ಲದ ವೇರಿಯಬಲ್ ಸಿಕ್ಕಿಬೀಳುತ್ತದೆ, ಇದ್ದೂ ಖಾಲಿಯಾದದ್ದು ಸಿಕ್ಕುವುದಿಲ್ಲ. ಅದಕ್ಕೆ ವೇರಿಯಬಲ್‌ನ ಹೆಸರಿನ ಜೊತೆಗೇ ಕೋಲನ್ ಮತ್ತು ಪ್ರಶ್ನಾರ್ಥಕ ಚಿಹ್ನೆ ಬರೆಯಬೇಕು. ಆಗ ಖಾಲಿ ಇದ್ದರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುತ್ತದೆ.

ಸ್ಟೀಮ್‌ನ ಕತೆಯಲ್ಲಿ ನನಗೆ ನಾಟಿದ್ದು ಬೇರೆ. ಆ ಸಾಲು ಬರೆದವರು ಅದರ ಪಕ್ಕದಲ್ಲೇ, ಇದು ಹೆದರಿಕೆ ಹುಟ್ಟಿಸುತ್ತದೆ ಎಂಬ ಅರ್ಥದ ಟಿಪ್ಪಣಿ ಬರೆದಿಟ್ಟಿದ್ದರು. ಹೆದರಿಕೆ ಇತ್ತು, ಪರಿಶೀಲನೆ ಇರಲಿಲ್ಲ. ನಾವೂ ಹೀಗೆಯೇ ತಾನೆ. ಕಪ್ಪು ಪರದೆ ಎಂದರೆ ಕೆಲವರು ಹೆದರಿ ಹತ್ತಿರವೇ ಹೋಗುವುದಿಲ್ಲ. ನನ್ನಂಥವರು ಎಂದೋ ಕಲಿತಿದ್ದೇವೆಂಬ ಧೈರ್ಯದಲ್ಲಿ ನೇರ ಕೈಹಾಕುತ್ತೇವೆ. ಎರಡರಿಂದಲೂ ಫೈಲ್ ಉಳಿಯುವುದಿಲ್ಲ. ತಪ್ಪು ಮಾಡಲು ಒಂದು ಜಾಗ ಮಾಡಿಕೊಂಡರೆ ಉಳಿಯುತ್ತದೆ.

ಆ ಜಾಗ ಈಗ ಬಿಟ್ಟಿ ಸಿಗುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಡೆಬಿಯನ್ ಹಾಕಿಕೊಂಡು, ಕಲಿಯುವುದಕ್ಕೆ ಮುಂಚೆ ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಏನು ಹಾಳು ಮಾಡಿದರೂ ಹಿಂದಿನ ಸ್ಥಿತಿಗೆ ಬರಬಹುದು. ನಮ್ಮದೇ ಬಾಸ್ ಲಿನಕ್ಸ್ ಬೇಕೆಂದರೆ, ಅದು ಸಿದ್ಧವಾದದ್ದು ಇದೇ ಚೆನ್ನೈನ ಸಿ-ಡ್ಯಾಕ್‌ನಲ್ಲಿ. ಮೊದಲ ಆವೃತ್ತಿ 2007ರಲ್ಲಿ ಬಂತು. ಇಂಗ್ಲಿಷ್ ಪಾಠ ಕಷ್ಟವೆನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಲಿನಕ್ಸ್ ಪಾಠಗಳು ಕನ್ನಡ ಧ್ವನಿಯಲ್ಲೂ ಇವೆ. ಆರ್‌ಎಂಗೆ ಎಫ್ ಬದಲು ದೊಡ್ಡಕ್ಷರದ ಐ ಕೊಟ್ಟರೆ, ಫೋಲ್ಡರ್ ಅಳಿಸುವ ಮೊದಲು ಒಮ್ಮೆ ಕೇಳುತ್ತದೆ. ಟ್ರ್ಯಾಶ್-ಸಿಎಲ್‌ಐ ಹಾಕಿಕೊಂಡರೆ ಅಳಿಸಿದ್ದು ಕಸದ ಬುಟ್ಟಿಗೆ ಹೋಗುತ್ತದೆ. ಇವೆಲ್ಲಕ್ಕೂ ಮೊದಲು ಇನ್ನೊಂದು ಪ್ರತಿ. ಪಿಕ್ಸಾರ್‌ನವರು ಟಾಯ್ ಸ್ಟೋರಿ 2 ಮಾಡುವಾಗ 1998ರಲ್ಲಿ ಯಾರೋ ಆರ್‌ಎಂ ಓಡಿಸಿ ಚಿತ್ರದ ಬಹುಪಾಲು ಅಳಿಸಿದಾಗ, ಬ್ಯಾಕಪ್ಪೂ ಸರಿಯಿಲ್ಲವೆಂದು ಗೊತ್ತಾದಾಗ, ಅವರನ್ನು ಕಾಪಾಡಿದ್ದು ಗ್ಯಾಲಿನ್ ಸಸ್‌ಮನ್ ಎಂಬ ಸಹೋದ್ಯೋಗಿಯ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿ.

162ರಲ್ಲಿ 149 ಚಿತ್ರ ಸಿಕ್ಕವು. ಸಿಗದ 13ರಲ್ಲಿ ಆರು, ನಾನು ಅಳಿಸಲು ಹೊರಟಿದ್ದ ಮಸುಕು ಫೋಟೋಗಳಲ್ಲಿ ಇದ್ದವು. ಏಳು ಮಗ್ಗುಲು ಹೋದವು. ಅವುಗಳಲ್ಲಿ ಏನಿತ್ತೋ ನೆನಪಿಲ್ಲ.

ಹೆಸರು ಹೋಗಿದ್ದರಿಂದ ತಾರೀಖಿಗಾಗಿ ಒಂದೊಂದನ್ನೂ ತೆರೆದು ಓದಬೇಕಾಯಿತು. ದಿನಕ್ಕೆ ನಾಲ್ಕೈದರಂತೆ, ರಾತ್ರಿ ಊಟವಾದ ಮೇಲೆ, ಎರಡು ತಿಂಗಳು. ಸ್ಕ್ಯಾನ್ ಮಾಡುವಾಗ ನಾನು ಇವನ್ನು ಓದಿರಲಿಲ್ಲ. ಯಂತ್ರದ ಮೇಲೆ ಮಗುಚಿ ಹಾಕಿದ್ದೆ, ಅಷ್ಟೇ. ಎಷ್ಟು ಇಂಚು ಮಳೆಯಾಯಿತು, ಯಾವ ಹಸು ಕರು ಹಾಕಿತು, ದುಡ್ಡು ಸಾಲುತ್ತದೆಯೇ, ಮೆಸ್ಸಿನ ಊಟ ಹೇಗಿದೆ. ನಾನು ಬರೆದ ಉತ್ತರಗಳಲ್ಲಿನ ಕಾಗುಣಿತದ ತಪ್ಪುಗಳ ಪಟ್ಟಿಯೂ ಕೆಲವದರಲ್ಲಿ ಇತ್ತು. ಎಲ್ಲಿ ಪದ ಕೂಡಿಸಿ ಬರೆಯಬೇಕು, ಎಲ್ಲಿ ಬಿಡಿಸಬೇಕು ಅನ್ನುವುದು ಅವರಿಗೆ ದೊಡ್ಡ ವಿಷಯ. ಓಲೆಗರಿಯಲ್ಲಿ ಪದಗಳ ನಡುವೆ ಜಾಗವೇ ಇರುತ್ತಿರಲಿಲ್ಲ, ಓದುವವನೇ ಬಿಡಿಸಿಕೊಳ್ಳುತ್ತಿದ್ದ, ನಿನಗೆ ಜಾಗ ಇದೆ, ಸರಿಯಾದಲ್ಲಿ ಬಿಡು ಎಂದು 2002ರ ಒಂದು ಪತ್ರದಲ್ಲಿ ಬರೆದಿದ್ದರು. ಕಳಿಸುವ ಮೊದಲು ಒಂದು ಸಲ ಗಟ್ಟಿಯಾಗಿ ಓದಿಕೋ ಅಂತಲೂ ಇತ್ತು. ಅದನ್ನು ಅಕ್ಕನ ಮಗಳಿಗೆ ತೋರಿಸಿದೆ. "ಅಜ್ಜ ಡ್ರೈ ರನ್ ಮಾಡಿ ಅಂದಿದ್ದಾರೆ," ಎಂದು ನಕ್ಕಳು. ಆಮೇಲೆ ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತಳು. ಅವಳು ಅಜ್ಜನ ಅಕ್ಷರವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಆರ್‌ಸಿಂಕ್ ಓಡಿಸುತ್ತೇನೆ. ಮೊದಲು ಎನ್ ಆಯ್ಕೆ ಕೊಟ್ಟು, ಏನೇನು ಆಗುತ್ತದೆಂದು ಓದಿ, ಆಮೇಲೆ ನಿಜವಾಗಿ. ಒಂದು ಪ್ರತಿ ಇಲ್ಲಿ, ಒಂದು ಪ್ರತಿ ಶಿವಮೊಗ್ಗದಲ್ಲಿ ಅಕ್ಕನ ಮನೆಯಲ್ಲಿ.

ಫೋಲ್ಡರುಗಳ ಹೆಸರಿನಲ್ಲಿ ಜಾಗ ತೆಗೆದು ಅಡಿಗೆರೆ ಹಾಕಿಬಿಡೋಣವೇ ಎಂದು ಕೇಳಿದ್ದೆ. ಬೇಡ ಅಂದಳು. ನಾವು ಹೇಗೆ ಬರೆಯುತ್ತೇವೋ ಹಾಗೇ ಇರಲಿ, ಸ್ಕ್ರಿಪ್ಟೇ ಸರಿಯಾಗಲಿ. 'ಅಪ್ಪ ಹಳೆಯದು' ಅದೇ ಹೆಸರಿನಲ್ಲಿ ಇನ್ನೂ ಇದೆ. ಅದರಲ್ಲಿರುವ ಆರು ಮಸುಕು ಫೋಟೋಗಳ ಅಕ್ಷರಗಳನ್ನು ಬಿಡಿಸಿ ಓದುವ ಕೆಲಸ ಮಾತ್ರ ಇನ್ನೂ ಮುಗಿದಿಲ್ಲ.